ಡಿಸೆಂಬರಿನ ಮಂಕು ಯಾರ ಖಾಸಗಿ ಸಂಗತಿ?

ಡಿಸೆಂಬರ್ ಎರಡನೆಯ ವಾರ ದಾಟಿತೆಂದರೆ ನಮ್ಮ ನಡುವಿನ ಬರವಣಿಗೆ ತೆಳುವಾಗುತ್ತದೆ. ನವೆಂಬರಿನಲ್ಲಿ ರಾಜ್ಯೋತ್ಸವದ ಭಾಷಣಗಳಿರುತ್ತವೆ, ಊರಿನ ರಾಜಕಾರಣದ ಬಗ್ಗೆ ಕಾವೇರಿದ ವಾಗ್ವಾದಗಳಿರುತ್ತವೆ, ಹೊಸ ಪುಸ್ತಕಗಳ ಮಾತಿರುತ್ತದೆ. ಆಮೇಲೆ ಒಂದೊಂದಾಗಿ ಸದ್ದಡಗುತ್ತದೆ. ಕೊಡುತ್ತೇನೆಂದವರ ಲೇಖನ ಬರುವುದಿಲ್ಲ. ಕೇಳಿದರೆ 'ರಜೆಯಲ್ಲಿ ಬರೆಯುತ್ತೇನೆ' ಎನ್ನುತ್ತಾರೆ. ರಜೆ ಮುಗಿದ ಮೇಲೆ ಕೇಳಿದರೆ 'ಯಾಕೋ ಕೂರಲಾಗಲಿಲ್ಲ' ಎನ್ನುತ್ತಾರೆ. ಈ 'ಯಾಕೋ' ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದು ಈ ಬರಹ.

ನಾನು ಇಂಗ್ಲೆಂಡಿಗೆ ಬಂದು ಹದಿನೇಳು ವರ್ಷಗಳಾದವು. ಡಾಕ್ಟರೇಟ್ ಮುಗಿಸಿದ್ದು ಇಲ್ಲಿಯೇ. ಆಮೇಲೆ ಒಂದು ಅವಧಿಯ ಒಪ್ಪಂದದಿಂದ ಇನ್ನೊಂದು ಅವಧಿಯ ಒಪ್ಪಂದಕ್ಕೆ ದಾಟುತ್ತ ಈಗ ಉತ್ತರದ ಯಾರ್ಕ್‌ಷೈರ್ ಸೀಮೆಯಲ್ಲಿದ್ದೇನೆ. ಈ ಹದಿನೇಳು ಚಳಿಗಾಲಗಳಲ್ಲಿ ಹೆಚ್ಚಿನವು ನನಗೂ ಮಂಕು ಕವಿದ ದಿನಗಳಾಗಿಯೇ ಕಳೆದಿವೆ. ಬೆಳಿಗ್ಗೆ ಏಳಲು ಕಾರಣ ಹುಡುಕಬೇಕಾಗುತ್ತದೆ. ಓದಿದ ಪುಟವನ್ನೇ ಮತ್ತೆ ಓದುತ್ತೇನೆ. ಒಂದು ವಾಕ್ಯ ಬರೆದರೆ ಅದು ಸುಳ್ಳೆನ್ನಿಸುತ್ತದೆ. ಅಳಿಸಿದರೆ ಅದರ ಜಾಗಕ್ಕೆ ಬೇರೊಂದು ಬರುವುದಿಲ್ಲ. ಊರಿನಿಂದ ಅಮ್ಮ ಫೋನಿನಲ್ಲಿ 'ಆರಾಮಿದೀಯೇನೋ' ಎಂದರೆ 'ಆರಾಮಿದೀನಿ, ಸ್ವಲ್ಪ ಚಳಿ ಅಷ್ಟೆ' ಎನ್ನುತ್ತೇನೆ. ವಿದೇಶಕ್ಕೆ ಹೋದ ಮಗನಿಗೆ ದುಃಖಪಡುವ ಅಧಿಕಾರವನ್ನು ನಮ್ಮ ಊರುಗಳು ಕೊಟ್ಟಿಲ್ಲ. ತಾನಾಗಿ ಹೋದವನು, ಚೆನ್ನಾಗಿಯೇ ಇರಬೇಕು.

ಪ್ರಗತಿಪರರೆಂದು ಕರೆದುಕೊಳ್ಳುವ ನಮ್ಮ ವಲಯದಲ್ಲಿ ಈ ಮಂಕಿನ ಬಗ್ಗೆ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ಹಳೆಯ ರಮ್ಯ ಉತ್ತರ: ವಿಷಾದವೇ ಲೇಖಕನ ಬಂಡವಾಳ, ನೋವಿಲ್ಲದೆ ಕಾವ್ಯವಿಲ್ಲ. ಈ ಮಾತನ್ನು ಹೇಳುವವರು ಖಿನ್ನತೆಯನ್ನು ಹತ್ತಿರದಿಂದ ಕಂಡಿರಲಾರರು. ನೋವು ಬರೆಯಿಸಬಹುದು, ಖಿನ್ನತೆ ಬರೆಯಲು ಬಿಡುವುದಿಲ್ಲ. ಆಕ್ಸ್‌ಫರ್ಡಿನ ರಾಬರ್ಟ್ ಬರ್ಟನ್ 1621ರಲ್ಲಿ 'ದಿ ಅನಾಟಮಿ ಆಫ್ ಮೆಲಾಂಕಲಿ' ಎಂಬ ಬೃಹತ್ ಗ್ರಂಥವನ್ನು ಪ್ರಕಟಿಸಿದ. 1640ರಲ್ಲಿ ಸಾಯುವವರೆಗೂ ಅದನ್ನು ಹಿಗ್ಗಿಸುತ್ತಲೇ ಹೋದ. ವಿಷಾದದ ಕೈಗೆ ಸಿಗದಂತೆ ತನ್ನನ್ನು ಕೆಲಸದಲ್ಲಿ ತೊಡಗಿಸಿಕೊಳ್ಳಲು ಅವನಿಗೆ ಆ ಬರವಣಿಗೆ ಬೇಕಾಗಿತ್ತು. ವಿಷಾದದ ಬಗ್ಗೆ ಅಷ್ಟೊಂದು ಬರೆದವನು ಅದರಿಂದ ದೂರ ಸರಿಯಲು ಬರೆದ ಎಂಬುದನ್ನು ನಮ್ಮ ರಮ್ಯವಾದಿಗಳು ಗಮನಿಸಬೇಕು.

ಎರಡನೆಯ ಉತ್ತರ ನಮ್ಮವರದೇ, ಹೆಚ್ಚು ಕಠಿಣವಾದದ್ದು: ಇದು ಹೊಟ್ಟೆ ತುಂಬಿದವರ ಕಾಯಿಲೆ. ಊರಿನಲ್ಲಿ ರೈತ ಸಾಲದಲ್ಲಿದ್ದಾನೆ, ಗೆಳೆಯರು ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದಾರೆ, ಮಲಗುಂಡಿಗಿಳಿದವರು ಸಾಯುತ್ತಿದ್ದಾರೆ. ಬೆಚ್ಚಗಿನ ಕೋಣೆಯಲ್ಲಿ ಕೂತು ಬೇಸರವೆನ್ನಲು ನಿಮಗೇನು ಹಕ್ಕು? ಈ ಮಾತಿನಲ್ಲಿರುವ ನೈತಿಕ ಎಚ್ಚರವನ್ನು ನಾನು ಗೌರವಿಸುತ್ತೇನೆ. ಆದರೆ ಅದರ ಪರಿಣಾಮವೇನೆಂದು ನೋಡಿ. ಮಂಕಿನ ಜೊತೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ನಾಚಿಕೆ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿದವರು ಯಾರ ಪರವಾಗಿಯೂ ಮಾತನಾಡಲಾರರು. ರೈತನ ಸಾವನ್ನು ನಾವು ಸರಿಯಾಗಿಯೇ ಮನೋದೌರ್ಬಲ್ಯವೆಂದು ಒಪ್ಪದೆ, ಸಾಲ, ಬೆಲೆ, ಮಾರುಕಟ್ಟೆಗಳ ಕಡೆ ಬೊಟ್ಟು ಮಾಡುತ್ತೇವೆ. ಅದೇ ವಿವೇಕವನ್ನು ನಮ್ಮ ಸಣ್ಣ ಸಂಕಟಕ್ಕೆ ಅನ್ವಯಿಸುವಾಗ ಮಾತ್ರ ಏಕೆ ಮರೆಯುತ್ತೇವೆ? ಎರಡೂ ಸಂಕಟಗಳು ಸಮವೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಕೇಳುವ ಕ್ರಮ ಒಂದೇ ಇರಲಿ ಎನ್ನುತ್ತಿದ್ದೇನೆ.

ಮೊದಲು ಬೆಳಕಿನ ವಿಷಯ. ಡಿಸೆಂಬರಿನ ಅತಿ ಚಿಕ್ಕ ದಿನದಂದು ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಹಗಲಿರುತ್ತದೆ. ನಾನಿರುವ ಸೀಮೆಯಲ್ಲಿ ಅದು ಸುಮಾರು ಏಳೂವರೆ ಗಂಟೆ. ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. 1984ರಲ್ಲಿ ನಾರ್ಮನ್ ರೊಸೆಂಥಾಲ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ನಡೆಸಿದ ಸಂಶೋಧನೆಯ ಆಧಾರದ ಮೇಲೆ ಋತುಮಾನದ ಖಿನ್ನತೆಯನ್ನು ಒಂದು ಪ್ರತ್ಯೇಕ ಸ್ಥಿತಿಯೆಂದು ವಿವರಿಸಿ ಹೆಸರಿಟ್ಟರು. ರೊಸೆಂಥಾಲ್ ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ವಲಸೆ ಬಂದವರು. ಜೊಹಾನೆಸ್‌ಬರ್ಗಿನ ಬಿಸಿಲಿನಲ್ಲಿ ಬೆಳೆದವರಿಗೆ ಉತ್ತರದ ಚಳಿಗಾಲದಲ್ಲಿ ತಮ್ಮದೇ ಉತ್ಸಾಹ ಕುಂದುವುದು ಕಣ್ಣಿಗೆ ಬಿತ್ತು. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಸಹಜವೆನ್ನಿಸಿದ್ದನ್ನು ಹೊರಗಿನಿಂದ ಬಂದವರು ಪ್ರಶ್ನೆಯಾಗಿ ಕಂಡರು. ಈ ಶೋಧದ ಬೇರಿನಲ್ಲಿ ಒಬ್ಬ ವಲಸಿಗನ ಮೈಯ ಅನುಭವವಿದೆ ಎಂಬುದು ನನಗೆ ಸಣ್ಣ ಸಮಾಧಾನ ಕೊಡುತ್ತದೆ.

ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಕೂರುವುದು ಇಂದು ಪರಿಚಿತ ಚಿಕಿತ್ಸೆ. ನಮ್ಮ ಕೋಣೆಗಳ ವಿದ್ಯುದ್ದೀಪ ಕೊಡುವುದು ಕೆಲವು ನೂರು ಲಕ್ಸ್ ಮಾತ್ರ. ಮೋಡ ಕವಿದ ನಡುಹಗಲಿನಲ್ಲೂ ಬಯಲಿನಲ್ಲಿ ಅದರ ಹಲವು ಪಟ್ಟು ಬೆಳಕಿರುತ್ತದೆ. ಹಾಗಾದರೆ ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ನಡೆದುಬಂದರಾಯಿತು. ನಾನು ನಡೆಯುತ್ತೇನೆ, ನಡೆಯಲು ಸಾಧ್ಯ. ನಮ್ಮ ಬೀದಿಯಲ್ಲಿ ಕೇರ್ ಹೋಮಿಗೆ ಕೆಲಸಕ್ಕೆ ಹೋಗುವ ಕೇರಳದ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಆರೂವರೆಗೆ ಕತ್ತಲಲ್ಲಿ ಬಸ್ಸು ಹತ್ತುತ್ತಾಳೆ, ರಾತ್ರಿ ಎಂಟೂವರೆಗೆ ಕತ್ತಲಲ್ಲೇ ಇಳಿಯುತ್ತಾಳೆ. ಗೋದಾಮುಗಳಲ್ಲಿ ಪೊಟ್ಟಣ ಕಟ್ಟುವವರದೂ ಅದೇ ಕಥೆ. ಡಿಸೆಂಬರ್ ಅವರಿಗೆ ಅತಿ ಹೆಚ್ಚು ದುಡಿಮೆಯ ತಿಂಗಳು. ಸೂರ್ಯನ ಬೆಳಕು ಎಲ್ಲರಿಗೂ ಸಮಾನ ಎಂಬುದು ಕೇಳಲು ಚೆಂದ. ನಡುಹಗಲಿನಲ್ಲಿ ಅರ್ಧ ಗಂಟೆ ಯಾರದು ಎಂಬುದನ್ನು ತೀರ್ಮಾನಿಸುವುದು ಮಾತ್ರ ಪಾಳಿಯ ಪಟ್ಟಿ.

ಬೆಳಕೊಂದೇ ಕಾರಣವೂ ಅಲ್ಲ. ಕ್ರಿಸ್ಮಸ್ ವೇಳೆಯಲ್ಲಿ ಆತ್ಮಹತ್ಯೆಗಳು ಏರುತ್ತವೆಂಬ ನಂಬಿಕೆ ಪಶ್ಚಿಮದಲ್ಲಿ ವ್ಯಾಪಕವಾಗಿದೆ, ಅಂಕಿಅಂಶಗಳು ಹಾಗೆನ್ನುವುದಿಲ್ಲ. ಅಮೆರಿಕದಲ್ಲಿ ಡಿಸೆಂಬರ್ ಸಾಮಾನ್ಯವಾಗಿ ಅತಿ ಕಡಿಮೆ ಆತ್ಮಹತ್ಯೆಗಳ ತಿಂಗಳುಗಳಲ್ಲೊಂದು. ಉತ್ತರದ ಹಲವು ದೇಶಗಳಲ್ಲಿ ಏರಿಕೆ ಕಾಣುವುದು ವಸಂತದಲ್ಲಿ, ಬೇಸಿಗೆಯ ಆರಂಭದಲ್ಲಿ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಆತ್ಮಹತ್ಯೆ ಕುರಿತ ತನ್ನ 1897ರ ಕೃತಿಯಲ್ಲೇ ಇದನ್ನು ಗುರುತಿಸಿದ್ದ. ಚಳಿ, ಕತ್ತಲೆಗಳಿಗಿಂತ ಹಗಲು ಬೆಳೆದಂತೆ ಚುರುಕಾಗುವ ಸಾಮಾಜಿಕ ಜೀವನದ ಕಡೆಗೆ ಅವನ ವಿವರಣೆ ತಿರುಗಿತ್ತು. ಆ ವಿವರಣೆಯನ್ನು ಇಡಿಯಾಗಿ ಒಪ್ಪಬೇಕಿಲ್ಲ. ಋತುವಿಗೂ ಮನಸ್ಸಿಗೂ ನಡುವೆ ಜನರ ಒಡನಾಟವೆಂಬುದೊಂದು ಇದೆ ಎಂಬ ಅವನ ಒಳನೋಟ ಮಾತ್ರ ಉಳಿಯುವಂಥದ್ದು. ಡಿಸೆಂಬರಿನ ರಜೆಯಲ್ಲಿ ಆ ಒಡನಾಟಕ್ಕೆ ಏನಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ನಮ್ಮೂರಿನ ಹಬ್ಬ ಬೀದಿಗೆ ಬರುತ್ತದೆ. ಇಲ್ಲಿನ ಕ್ರಿಸ್ಮಸ್ ಬಾಗಿಲು ಹಾಕಿಕೊಳ್ಳುತ್ತದೆ. ಡಿಸೆಂಬರ್ 25ರಂದು ಬ್ರಿಟನ್ನಿನಲ್ಲಿ ರೈಲು ಓಡುವುದಿಲ್ಲ. ಹೆಚ್ಚಿನ ಊರುಗಳಲ್ಲಿ ಬಸ್ಸೂ ಇಲ್ಲ. 2004ರ ಕಾಯಿದೆಯೊಂದರ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 280 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳು ಆ ದಿನ ತೆರೆಯುವಂತಿಲ್ಲ. ವಿಶ್ವವಿದ್ಯಾನಿಲಯ, ಗ್ರಂಥಾಲಯಗಳು ವಾರಕ್ಕೂ ಮಿಕ್ಕಿ ಬೀಗ ಹಾಕಿರುತ್ತವೆ. ದುಡಿಯುವವರಿಗೆ ವಿಶ್ರಾಂತಿಯ ಹಕ್ಕು ಬೇಕೆನ್ನುವ ನಾವು ಈ ಕಾಯಿದೆಯನ್ನು ದೂರಲಾಗದು, ದೂರಬಾರದು. ಆದರೆ ಈ ಇಡೀ ವ್ಯವಸ್ಥೆ ಒಂದು ಊಹೆಯ ಮೇಲೆ ನಿಂತಿದೆ: ಎಲ್ಲರಿಗೂ ಹೋಗಲು ಒಂದು ಮನೆಯಿದೆ, ಮನೆಯಲ್ಲಿ ಕಾಯುವ ಜನರಿದ್ದಾರೆ, ಅಲ್ಲಿಗೆ ತಲುಪಲು ಕಾರಿದೆ. ಈ ಮೂರರಲ್ಲಿ ಒಂದು ಇಲ್ಲದವರಿಗೆ ಆ ವಾರ ನಗರವೆಂಬುದೇ ಇರುವುದಿಲ್ಲ. ವಿದ್ಯಾರ್ಥಿನಿಲಯಗಳಲ್ಲಿ ಉಳಿಯುವವರು ವಿದೇಶಿ ವಿದ್ಯಾರ್ಥಿಗಳು. ರಜೆಯ ಪಾಳಿ ಒಪ್ಪಿಕೊಳ್ಳುವವರಲ್ಲಿ ವಲಸೆ ಬಂದ ನರ್ಸುಗಳು, ಆರೈಕೆಯ ಕೆಲಸಗಾರರು ಸದಾ ಇರುತ್ತಾರೆ.

ಆ ಮನೆಯಲ್ಲಿ ಕಾಯುವ ಜನ ಏಕಿಲ್ಲ? ನಮ್ಮ 'ಯಾಕೋ' ಎಂಬುದಕ್ಕೆ ಇಲ್ಲಿ ದಿನಾಂಕ ಸಹಿತ ಉತ್ತರಗಳು ಸಿಗುತ್ತವೆ. 2012ರ ಜುಲೈನಲ್ಲಿ ಬದಲಾದ ನಿಯಮದಂತೆ, ಇಲ್ಲಿ ನೆಲೆಸಿದವರು ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಂಡು ಜೊತೆಗಿಟ್ಟುಕೊಳ್ಳಬೇಕಾದರೆ, ಅವರಿಗೆ ದಿನನಿತ್ಯದ ಕೆಲಸಗಳಿಗೂ ದೀರ್ಘಕಾಲದ ಆರೈಕೆ ಬೇಕೆಂದೂ ಅದು ಅವರ ದೇಶದಲ್ಲಿ ಸಿಗದು ಅಥವಾ ಕೈಗೆಟುಕದು ಎಂದೂ ರುಜುವಾತು ಮಾಡಬೇಕು. ಅಂದರೆ ಅಮ್ಮ ಹಾಸಿಗೆ ಹಿಡಿಯುವವರೆಗೆ ಅವಳು ಬರುವಂತಿಲ್ಲ. ಹಾಸಿಗೆ ಹಿಡಿದ ಮೇಲೆ ವಿಮಾನ ಹತ್ತುವಂತಿಲ್ಲ. 2024ರ ಜನವರಿಯಿಂದ ಸಂಶೋಧನಾ ಪದವಿಗಳನ್ನು ಬಿಟ್ಟು ಉಳಿದ ಹೆಚ್ಚಿನ ಕೋರ್ಸುಗಳಿಗೆ ಹೊಸದಾಗಿ ಬರುವ ವಿದೇಶಿ ವಿದ್ಯಾರ್ಥಿಗಳು ಹೆಂಡತಿ, ಗಂಡ, ಮಕ್ಕಳನ್ನು ಕರೆತರುವಂತಿಲ್ಲ. 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಆರೈಕೆ ಕೆಲಸಗಾರರಿಗೂ ಇದೇ ನಿರ್ಬಂಧ. 2025ರ ಜುಲೈ 22ರಿಂದ ಹೊರದೇಶಗಳಿಂದ ಆ ಕೆಲಸಕ್ಕೆ ಹೊಸ ನೇಮಕಾತಿಯನ್ನೇ ನಿಲ್ಲಿಸಲಾಗಿದೆ. ಈ ದೇಶದ ಮುದುಕರ ಕೈಹಿಡಿದು ಕ್ರಿಸ್ಮಸ್ ಊಟ ಮಾಡಿಸುವ ಹೆಣ್ಣುಮಗಳು ತನ್ನ ಮಗುವಿನ ಮುಖವನ್ನು ಫೋನಿನ ಪರದೆಯಲ್ಲಿ ನೋಡುತ್ತಾಳೆ. ಆಕೆಗೆ ಬೇಸರವಾದರೆ ಅದನ್ನು ಋತುಮಾನದ ಲಕ್ಷಣವೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

ವಿಪರ್ಯಾಸವೆಂದರೆ, ಒಂಟಿತನ ಸಾರ್ವಜನಿಕ ಸಮಸ್ಯೆಯೆಂದು ಮೊದಲೇ ಗುರುತಿಸಿದ ಸರ್ಕಾರಗಳಲ್ಲಿ ಬ್ರಿಟನ್ನಿನದೂ ಒಂದು. ಅದರ ಹಿಂದಿದ್ದವರು ನಮ್ಮ ಯಾರ್ಕ್‌ಷೈರಿನವರೇ ಆದ ಜೋ ಕಾಕ್ಸ್. ಬ್ಯಾಟ್ಲಿ ಮತ್ತು ಸ್ಪೆನ್ ಕ್ಷೇತ್ರದ ಲೇಬರ್ ಸಂಸದೆಯಾಗಿದ್ದ ಆಕೆ ಒಂಟಿತನದ ಬಗ್ಗೆ ಪಕ್ಷಾತೀತ ಆಯೋಗವೊಂದನ್ನು ಕಟ್ಟುವ ಕೆಲಸಕ್ಕೆ ತೊಡಗಿದ್ದರು. 2016ರ ಜೂನ್ 16ರಂದು, ಐರೋಪ್ಯ ಒಕ್ಕೂಟದ ಜನಮತಗಣನೆಗೆ ಒಂದು ವಾರವಿರುವಾಗ, ಬಲಪಂಥೀಯ ಉಗ್ರಗಾಮಿಯೊಬ್ಬ ಅವರನ್ನು ಕೊಂದ. ಆಯೋಗದ ಕೆಲಸವನ್ನು ಉಳಿದವರು ಮುಂದುವರಿಸಿದರು. 2018ರ ಜನವರಿಯಲ್ಲಿ ತೆರೇಸಾ ಮೇ ಸರ್ಕಾರ ಒಂಟಿತನದ ಹೊಣೆಯನ್ನು ಸಚಿವೆ ಟ್ರೇಸಿ ಕ್ರೌಚ್ ಅವರಿಗೆ ವಹಿಸಿತು. ಒಂಟಿತನವನ್ನು ಸಚಿವರ ಖಾತೆಗೆ ಸೇರಿಸಿದ ಅದೇ ರಾಜ್ಯ ಆರು ವರ್ಷಗಳಲ್ಲಿ ವಲಸಿಗರ ಒಂಟಿತನವನ್ನು ನಿಯಮವಾಗಿ ಬರೆಯಿತು. ವಲಸಿಗರ ಪರವಾಗಿ ದನಿಯೆತ್ತಿದ್ದ ಜೋ ಕಾಕ್ಸ್ ಹೆಸರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಕತ್ತಲ ಕಾಲವನ್ನು ಬೇರೆ ರೀತಿಯಲ್ಲಿ ಎದುರಿಸಬಹುದೆಂಬುದಕ್ಕೆ ನನಗೆ ಗೊತ್ತಿರುವ ಉದಾಹರಣೆ ನನ್ನ ಸಾಗರದ ಸೀಮೆಯದು. ಮೈಸೂರು ಕಡೆಯವರಿಗೆ ಮಾಗಿಯೆಂದರೆ ಅವರೆಕಾಯಿ, ಸುಗ್ಗಿ. ಅಲ್ಲಿ ಚಳಿಗಾಲ ದುಃಖದ ಕಾಲವಲ್ಲ. ಮಲೆನಾಡಿಗರ ಕತ್ತಲ ಕಾಲ ಬರುವುದು ಆಷಾಢದಲ್ಲಿ. ದಿನಗಟ್ಟಲೆ ಸೂರ್ಯನಿಲ್ಲ, ಬಟ್ಟೆ ಒಣಗುವುದಿಲ್ಲ, ದಾರಿಗಳು ಕಡಿದುಹೋಗುತ್ತವೆ. ಯಕ್ಷಗಾನದ ಮೇಳಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸುತ್ತವೆ. ಆಗ ಆಟದ ಬದಲು ತಾಳಮದ್ದಳೆ ನಡೆಯುತ್ತದೆ: ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದಕ್ಕೆ ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಕರಾವಳಿಯಲ್ಲಿ ಚಿಕ್ಕಮೇಳಗಳು ಮನೆಮನೆಗೆ ಹೋಗುತ್ತವೆ. ಜನ ಹೊರಗೆ ಬರಲಾಗದ ಕಾಲಕ್ಕೆ ಕಲೆಯೇ ಮನೆಯೊಳಗೆ ಬರುವ ಏರ್ಪಾಡು ಇದು. ಜಗುಲಿಯ ಮೇಲೆ ಕೂತವರು ಯಾರು, ಅಂಗಳದ ಮೂಲೆಯಲ್ಲಿ ಗೊರಬು ಹಿಡಿದು ನಿಂತವರು ಯಾರು ಎಂಬ ಪ್ರಶ್ನೆಯನ್ನು ಬಿಟ್ಟು ಆ ಸಂಜೆಗಳನ್ನು ಹೊಗಳಲು ನಾನು ಸಿದ್ಧನಿಲ್ಲ. ಆ ಜಗುಲಿಯ ಮೇಲುಕೀಳನ್ನು ತಿರಸ್ಕರಿಸಿಯೂ ಅದರ ಹಿಂದಿನ ತಿಳಿವಳಿಕೆಯನ್ನು ಉಳಿಸಿಕೊಳ್ಳಬಹುದು: ಕತ್ತಲ ತಿಂಗಳುಗಳು ಬರುತ್ತವೆಂದು ಮೊದಲೇ ಗೊತ್ತಿರುವಾಗ, ಅದಕ್ಕೆ ಸಮುದಾಯವೂ ಸೌದೆ ಒಟ್ಟಿದಂತೆ ಮೊದಲೇ ಸಿದ್ಧವಾಗಬೇಕು.

ಇಲ್ಲಿ ನಮ್ಮ ಬಗ್ಗೆಯೂ ಒಂದು ಮಾತು ಹೇಳಬೇಕು. ಹೊರನಾಡಿನಲ್ಲಿ ದೇವಸ್ಥಾನಕ್ಕೆ, ಭಜನೆಗೆ ಹೋಗುವವರಿಗೆ ಡಿಸೆಂಬರಿನಲ್ಲೂ ವಾರಕ್ಕೊಂದು ಸಂಜೆ ಜನ ಸಿಗುತ್ತಾರೆ, ಬಿಸಿ ಊಟ ಸಿಗುತ್ತದೆ. ಧನುರ್ಮಾಸದ ಪೂಜೆಯೂ ಒಂದು ಕಾರಣವಾಗುತ್ತದೆ. ಅಲ್ಲಿನ ಜಾತಿಯ ಲೆಕ್ಕ, ಬೆಂಗಳೂರು-ದೆಹಲಿಗಳಿಂದ ಆಮದಾಗುವ ಮತೀಯ ಮಾತು, ತಟ್ಟೆಯಲ್ಲಿರುವುದನ್ನು ನೋಡಿ ಮನುಷ್ಯರನ್ನು ಅಳೆಯುವ ರೀತಿ ನಮಗೆ ಒಗ್ಗುವುದಿಲ್ಲ, ನಾವು ಹೊರಬಂದೆವು. ಅದು ಸರಿಯಾದ ನಿರ್ಧಾರ. ಆದರೆ ಹೊರಬಂದ ನಾವು ಕಟ್ಟಿದ್ದೇನು? ಹೇಳಿಕೆಗಳಿಗೆ ಸಹಿ ಹಾಕುತ್ತೇವೆ, ವಿಚಾರಗೋಷ್ಠಿ ನಡೆಸುತ್ತೇವೆ, ಪರದೆಯ ಮೇಲೆ ಸೇರಿ ಒಬ್ಬರನ್ನೊಬ್ಬರು ತಿದ್ದುತ್ತೇವೆ. ಒಬ್ಬರ ಮನೆಗೆ ಹೇಳದೆ ಹೋಗಿ ಅನ್ನ ಸಾರು ಉಣ್ಣುವಷ್ಟು ಸಲುಗೆ ನಮ್ಮಲ್ಲಿ ಎಷ್ಟು ಮಂದಿಗಿದೆ? ದೇವರನ್ನು ಬಿಟ್ಟವರು ಸಂಜೆಯ ಕೂಟವನ್ನೂ ಬಿಡಬೇಕೆಂದು ಯಾವ ವೈಚಾರಿಕತೆಯೂ ಹೇಳಿಲ್ಲ. 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ನಿಂತಿತು. ಕಲ್ಯಾಣದಲ್ಲಿ ಅವರ ಮಹಾಮನೆ ಶರಣರೆಲ್ಲರಿಗೂ ತೆರೆದಿದ್ದ ಮನೆಯಾಗಿತ್ತು ಎಂಬುದು ನಮಗೆಲ್ಲ ಗೊತ್ತು. ಪ್ರತಿಮೆಗೆ ಹಾರ ಹಾಕುವವರ ರಾಜಕಾರಣವನ್ನು ಟೀಕಿಸುವ ನಾವು ಆ ಬಾಗಿಲಿನ ಬಗ್ಗೆ ಯೋಚಿಸಿದ್ದು ಕಡಿಮೆ.

ಬರೆಯುವವರಿಗೆ ಮಾತ್ರ ಸಂಬಂಧಿಸಿದ ಕೆಲವು ಸಂಗತಿಗಳನ್ನೂ ಹಂಚಿಕೊಳ್ಳುತ್ತೇನೆ; ಇವು ನನ್ನ ಚಳಿಗಾಲಗಳು ಕಲಿಸಿದವು. ಡಿಸೆಂಬರಿನಲ್ಲಿ ಹೊಸದನ್ನು ಆರಂಭಿಸುವುದಿಲ್ಲ. ಅನುವಾದ, ಕರಡು ತಿದ್ದುವುದು, ಟಿಪ್ಪಣಿಗಳನ್ನು ವಿಂಗಡಿಸುವುದು ಇಂಥ ಕೈಕೆಲಸದಂಥ ಬರವಣಿಗೆಯನ್ನು ಆ ವಾರಗಳಿಗೆಂದೇ ಎತ್ತಿಡುತ್ತೇನೆ. ಮನಸ್ಸು ಒಪ್ಪದ ದಿನವೂ ಕೈ ಮಾಡಬಲ್ಲ ಕೆಲಸ ಅದು. ಹಗಲಿನ ಬೆಳಕಿರುವ ಹೊತ್ತನ್ನು ಮೇಜಿಗೆ ಕೊಡುವುದಿಲ್ಲ, ನಡಿಗೆಗೆ ಕೊಡುತ್ತೇನೆ. ಬರೆಯಲು ಕತ್ತಲು ಹೇಗೂ ಸಾಕಷ್ಟಿದೆ. ಬರೆದ ಒಂದು ಪುಟವನ್ನಾದರೂ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳುತ್ತೇನೆ. ಫೋನಿನ ಆ ಕಡೆಯಿಂದ ಗೆಳತಿಯೊಬ್ಬಳು 'ಆ ಎರಡನೇ ಸಾಲು ಇನ್ನೊಮ್ಮೆ ಓದು' ಎಂದಾಗ ಕನ್ನಡ ಮತ್ತೆ ಇಬ್ಬರ ನಡುವಿನ ಭಾಷೆಯಾಗುತ್ತದೆ. ಇಲ್ಲಿ ವಾರಗಟ್ಟಲೆ ಕನ್ನಡ ನಮ್ಮ ತಲೆಯೊಳಗಿನ ಸದ್ದಾಗಿ ಮಾತ್ರ ಉಳಿಯುತ್ತದೆ. ಮಂಕು ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿಲ್ಲ.

ಇಷ್ಟರಿಂದ ಎಲ್ಲರಿಗೂ ಸಾಲುವುದಿಲ್ಲ. ನಿದ್ದೆ, ಹಸಿವು, ಬದುಕುವ ಆಸೆ ಕೆಟ್ಟಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಅದು ಪಶ್ಚಿಮದ ಶೋಕಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ಮಾನಸಿಕ ಆರೋಗ್ಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲುಪಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅಂಥ ನಾಡಿನಿಂದ ಬಂದವರು ನಾವು. ಬ್ರಿಟನ್ನಿನಲ್ಲಿ ಚಾಡ್ ವಾರಾ 1953ರಲ್ಲಿ ಆರಂಭಿಸಿದ ಸಮಾರಿಟನ್ಸ್ ಸಂಸ್ಥೆಯವರು 116 123 ಸಂಖ್ಯೆಯಲ್ಲಿ ಹಗಲು ರಾತ್ರಿ, ಕ್ರಿಸ್ಮಸ್ ದಿನವೂ, ಉಚಿತವಾಗಿ ಕೇಳಿಸಿಕೊಳ್ಳುತ್ತಾರೆ. ಅಮೆರಿಕ, ಕೆನಡಾಗಳಲ್ಲಿ 988, ಆಸ್ಟ್ರೇಲಿಯಾದಲ್ಲಿ 13 11 14. ಈ ಸಂಖ್ಯೆಗಳನ್ನು ನಿಮಗಾಗಿ ಅಲ್ಲವೆಂದುಕೊಂಡಾದರೂ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ ಒಂದು ಸಲಹೆ. ಡಿಸೆಂಬರ್ 20ರಿಂದ ಸಂಕ್ರಾಂತಿಯವರೆಗೆ ಮೂರೂವರೆ ವಾರ. ನಾಲ್ಕು ಕನ್ನಡದ ಮನೆಗಳಿರುವ ಯಾವ ಊರಿನಲ್ಲೇ ಆಗಲಿ, ಸರದಿಯ ಮೇಲೆ ವಾರಕ್ಕೊಂದು ಸಂಜೆ ಒಂದು ಮನೆಯ ಬಾಗಿಲು ತೆರೆದಿರಲಿ. ಅಧ್ಯಕ್ಷರು ಬೇಡ, ಸ್ವಾಗತ ಭಾಷಣ ಬೇಡ. ಬಂದವರು ಒಂದೊಂದು ಪುಟ ಓದಲಿ, ತಮ್ಮದಾದರೂ ಸರಿ, ಬೇರೆಯವರದಾದರೂ ಸರಿ. ಅಡುಗೆಯಲ್ಲಿ ಏನಿರಬೇಕೆಂದು ಯಾರೂ ಯಾರಿಗೂ ವಿಧಿಸದಿರಲಿ. ಬಸ್ಸಿಲ್ಲದ ದಿನ ಕಾರಿರುವವರು ವಿದ್ಯಾರ್ಥಿನಿಲಯದ ಹುಡುಗರನ್ನು, ಪಾಳಿ ಮುಗಿಸಿದ ನರ್ಸನ್ನು ಕರೆತರಲಿ. ಆಕೆಗೆ ಕನ್ನಡ ಬರಬೇಕೆಂದೂ ಇಲ್ಲ. ಕುಟುಂಬಗಳನ್ನು ಬೇರ್ಪಡಿಸುವ ನಿಯಮಗಳ ವಿರುದ್ಧ ಸಂಸದರಿಗೆ ಬರೆಯುವ ಪತ್ರವನ್ನೂ ಅದೇ ಸಂಜೆ ಅದೇ ಮೇಜಿನ ಮೇಲೆ ಬರೆಯಬಹುದು. ಊಟ ಮಾಡಿ ಬರೆದ ಪತ್ರಕ್ಕೆ ಸಹಿಗಳು ಹೆಚ್ಚು ಬೀಳುತ್ತವೆ.

ನಮ್ಮ ಮನೆಯ ಸರದಿಯನ್ನು 27ನೇ ತಾರೀಖಿಗೆ ಇಟ್ಟುಕೊಂಡಿದ್ದೇನೆ. ಅಷ್ಟರೊಳಗೆ ಬಸ್ಸುಗಳು ಮತ್ತೆ ಓಡುತ್ತಿರುತ್ತವೆ.